ಸುವಾರ್ತೆಯಲ್ಲಿ ಇಷ್ಟೊಂದು ಕತೆ ಯಾಕೆ? ಕತೆ ಓದಿದರೆ ನಂಬಿಕೆ ಬೆಳೆಯುತ್ತಾ?

ಸುವಾರ್ತೆ ಅಂದರೆ ಯೇಸುವಿನ ಬದುಕನ್ನು ಹೇಳುವ ಬೈಬಲಿನ ಪುಸ್ತಕ. ಅಲ್ಲಿ ಹೀಗೆ ಮಾಡು, ಹಾಗೆ ಮಾಡಬೇಡ ಎಂದು ನೇರವಾಗಿ ಹೇಳಿದರೆ ಸಾಲದಾ, ಕತೆ ಯಾಕೆ ಬೇಕು ಎಂದು ಕೇಳಿದ್ದೀರಿ. ನನಗೆ ಇದರ ಉತ್ತರ ನಮ್ಮ ಮನೆಯಲ್ಲೇ ಸಿಕ್ಕಿತು.

ನಾವು ಗದಗ-ಬೆಟಗೇರಿಯವರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ ಬಂದರು, 1841ರಲ್ಲಿ ಬೆಟಗೇರಿಗೆ. ಆ ಕಾಲದ ರೂಢಿ ನಮ್ಮ ಮನೆಯಲ್ಲಿ ಇನ್ನೂ ಇತ್ತು. ರಾತ್ರಿ ಊಟಕ್ಕೆ ಮೊದಲು ಸತ್ಯವೇದದ, ಅಂದರೆ ಬೈಬಲಿನ, ಒಂದು ಅಧ್ಯಾಯ ಓದಲೇಬೇಕು, ಅಜ್ಜಿ ಬಿಡುತ್ತಿರಲಿಲ್ಲ.

ಹೊಲ ಪಾಲಾದ ಮೇಲೆ ಕಾಕಾ ತಮ್ಮ ಪಾಲು ಮಾರಿ, ಹುಬ್ಬಳ್ಳಿಯಲ್ಲಿ ಅಂಗಡಿ ಹಾಕಿ, ಕೈ ಸುಟ್ಟುಕೊಂಡು ಊರಿಗೆ ಮರಳಿದ್ದರು. ಅಪ್ಪ ಎರಡು ವರ್ಷ ಅವರನ್ನು ಮಾತಾಡಿಸಿರಲಿಲ್ಲ. ಒಂದು ರಾತ್ರಿ ಓದುವ ಸರದಿ ಅಪ್ಪನದು. ಬಂದದ್ದು ಲೂಕನ ಸುವಾರ್ತೆಯ 15ನೇ ಅಧ್ಯಾಯ, ತಪ್ಪಿಹೋದ ಮಗನ ಕತೆ. ಪಾಲು ತೆಗೆದುಕೊಂಡು ಹೋದ ಕಿರಿಯವನು ಎಲ್ಲ ಹಾಳುಮಾಡಿ, ಹಂದಿ ಮೇಯಿಸಿ, ಹಸಿದು ಮನೆಗೆ ಬರುತ್ತಾನೆ. ತಂದೆ ಓಡಿಹೋಗಿ ತಬ್ಬಿಕೊಳ್ಳುತ್ತಾನೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಹೊಲದಿಂದ ಬಂದ ಹಿರಿಯವನು ಸಿಟ್ಟಾಗಿ ಒಳಗೇ ಬರುವುದಿಲ್ಲ. ಇಷ್ಟು ವರ್ಷ ದುಡಿದೆ, ನನಗೆ ಒಂದು ಆಡಿನ ಮರಿಯನ್ನೂ ಕೊಟ್ಟಿಲ್ಲ ಎನ್ನುತ್ತಾನೆ.

ಅಲ್ಲಿ ಅಪ್ಪನ ದನಿ ನಿಂತಿತು. ಬೆರಳು ಆ ಸಾಲಿನ ಮೇಲೇ ಇತ್ತು. ಅಜ್ಜಿ ಏನೂ ಅನ್ನಲಿಲ್ಲ, ಸುಮ್ನೆ ಕೂತಿದ್ದಳು.

ತಮ್ಮನನ್ನು ಕ್ಷಮಿಸು ಎಂದು ಅಜ್ಜಿಯೂ ಪಾಸ್ಟರೂ ಎಷ್ಟೋ ಸಲ ಹೇಳಿದ್ದರು. ಅದಕ್ಕೆಲ್ಲ ಅಪ್ಪನ ಹತ್ತಿರ ಜವಾಬು ಇತ್ತು. ಈ ಕತೆಗೆ ಇರಲಿಲ್ಲ. ಅವರು ಕೊಡುತ್ತಿದ್ದ ಜವಾಬೇ ಆ ಕತೆಯೊಳಗೆ ಇತ್ತಲ್ಲ!

ತಂದೆ ಹೊರಗೆ ಬಂದು ಹಿರಿಯವನನ್ನೂ ಬೇಡಿಕೊಳ್ಳುತ್ತಾನೆ. ಆಮೇಲೆ ಅವನು ಒಳಗೆ ಹೋದನಾ? ಲೂಕ ಹೇಳುವುದೇ ಇಲ್ಲ, ಅಧ್ಯಾಯ ಅಲ್ಲಿಗೇ ಮುಗಿಯುತ್ತದೆ. ಯೇಸು ಪಾಪಿಗಳ ಜೊತೆ ಊಟ ಮಾಡುತ್ತಾನೆ ಎಂದು ಗೊಣಗುತ್ತಿದ್ದ ಫರಿಸಾಯರ (ಧರ್ಮನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದಿ ಪಂಥದವರ) ಎದುರು ಯೇಸುವೇ ಹೇಳಿದ ಕತೆ ಇದು. ಮುಂದಿನದು ಅವರಿಗೆ ಬಿಟ್ಟದ್ದು. ಮಾರ್ಕನದೂ ಹೀಗೇ. ತೀರ ಹಳೆಯ ಹಸ್ತಪ್ರತಿಗಳಲ್ಲಿ ಅವನ ಸುವಾರ್ತೆ 16ನೇ ಅಧ್ಯಾಯದ 8ನೇ ವಚನಕ್ಕೇ ನಿಲ್ಲುತ್ತದೆ: ಸಮಾಧಿಗೆ ಹೋದ ಹೆಂಗಸರು ಹೆದರಿ ಓಡಿದರು, ಯಾರಿಗೂ ಏನೂ ಹೇಳಲಿಲ್ಲ. ಓದಿದವರಿಗೆ ಅಲ್ಲಿ ಪುಸ್ತಕ ಮುಚ್ಚಿಡುವುದು ಕಷ್ಟ. ನನ್ನ ನಂಬಿಕೆ ಜಾಸ್ತಿ ಬೆಳೆದದ್ದು ಇಂಥ ಕಡೆಗಳಲ್ಲೇ.

ಮರುದಿನವೇ ಏನೂ ಬದಲಾಗಲಿಲ್ಲ. ಆದರೆ ಆ ವರ್ಷ ಕ್ರಿಸ್‌ಮಸ್‌ಗೆ ಕರ್ಚಿಕಾಯಿ ಡಬ್ಬಿ ಹಿಡಿದು ಅಪ್ಪನೇ ಕಾಕಾನ ಮನೆಗೆ ಹೋದರು. ನಾನೂ ಹಿಂದೆ ಹೋಗಿದ್ದೆ. ಹೊಲದ ಸುದ್ದಿ ಇಬ್ಬರೂ ಎತ್ತಲಿಲ್ಲ. ಕಾಕಾ ಚಹಾ ತಂದುಕೊಟ್ಟರು, ಅಪ್ಪ ಕುಡಿದರು.