ಮಂಡಿನೋವಿನ ಅಮ್ಮನನ್ನು ಕರ್ಕೊಂಡು ಹೋಗೋಕೆ ಉತ್ತರ ಕನ್ನಡದಲ್ಲಿ ಗಲಾಟೆ ಇಲ್ಲದ ಬೀಚ್ ಯಾವುದು?

ನಿಮ್ಮ ಅಮ್ಮನಿಗೆ ಅರವತ್ತೆಂಟು, ಮಂಡಿನೋವು, ಶಿರಸಿಯಿಂದ ಬೆಳಿಗ್ಗೆ ಹೊರಟು ಸಂಜೆ ವಾಪಸ್ ಬರಬೇಕು, ರೆಸಾರ್ಟು, ವಾಟರ್ ಸ್ಪೋರ್ಟ್ಸು ಯಾವುದೂ ಬೇಡ ಅಂತ ಬರೆದಿದ್ದೀರಿ. ನನ್ನ ಉತ್ತರ ಧಾರೇಶ್ವರ. ಕುಮಟಾ ದಾಟಿ ಹೊನ್ನಾವರದ ಕಡೆ ಹೊರಟರೆ ಹೆದ್ದಾರಿಯಲ್ಲೇ ಸಿಗುವ ಊರು. ನಮ್ಮ ಆಯಿಯನ್ನು (ಅಮ್ಮನನ್ನು) ನಾನು ಕರ್ಕೊಂಡು ಹೋಗೋದು ಅಲ್ಲಿಗೇ.

ಬೇರೆಯವರು ನಿಮಗೆ ಗೋಕರ್ಣದ ಪ್ಯಾರಡೈಸ್ ಬೀಚ್ ಹೇಳ್ತಾರೆ. ಅಲ್ಲಿ ನೀರಿನ ತನಕ ವಾಹನ ಹೋಗಲ್ಲ, ಗುಡ್ಡ ಹತ್ತಿ ಇಳಿಯಬೇಕು, ಇಲ್ಲಾ ದೋಣಿ ಹಿಡಿಯಬೇಕು. ಕಾರವಾರದ ಮಾಜಾಳಿಯಿಂದ ಆಚೆ ತಿಳಮಾತಿ ಇದೆ, ಎಳ್ಳು ಚೆಲ್ಲಿದ ಹಾಗೆ ಕಪ್ಪು ಮರಳು, ನೋಡಲೇಬೇಕಾದ ಜಾಗ. ಆದರೆ ಅಲ್ಲಿಗೂ ಗುಡ್ಡದ ದಾರಿ. ಮಂಡಿನೋವಿನವರಿಗೆ 'ಯಾರೂ ಕಾಣದ ಬೀಚ್' ಅಂದರೆ ಸಾಮಾನ್ಯವಾಗಿ 'ನಡೆಯಲಾಗದ ಬೀಚ್' ಅಂತಲೇ ಅರ್ಥ.

ಧಾರೇಶ್ವರದಲ್ಲಿ ಇನ್ನೊಂದು ಅನುಕೂಲ, ಧಾರಾನಾಥನ ಗುಡಿ. ರಾವಣನ ಆತ್ಮಲಿಂಗದ ಕಥೆಯ ಪಂಚಕ್ಷೇತ್ರಗಳಲ್ಲಿ ಗೋಕರ್ಣ, ಮುರ್ಡೇಶ್ವರ, ಗುಣವಂತೆ, ಶೆಜ್ಜೇಶ್ವರದ ಜೊತೆ ಇದೂ ಒಂದು. ನಮ್ಮ ಕಡೆ ಅಮ್ಮಂದಿರು "ಸಮುದ್ರ ನೋಡೋಕೆ" ಅಂತ ಮನೆಕೆಲಸ ಬಿಟ್ಟು ಹೊರಡೋದು ಕಷ್ಟ. "ದೇವಸ್ಥಾನಕ್ಕೆ ಹೋಗಿ ಬರುವ" ಅನ್ನಿ, ಸೀರೆ ಉಟ್ಟು ತಯಾರಾಗಿರ್ತಾರೆ.

ಈಗ ಯಾರೂ ಹೇಳದ ವಿಷಯ, ಶೌಚಾಲಯ. ಅಭಿವೃದ್ಧಿ ಆಗದ ಬೀಚಿನಲ್ಲಿ ಅದಿರಲ್ಲ. ಅಮ್ಮಂದಿರು ಬಾಯಿಬಿಟ್ಟು ಹೇಳಲ್ಲ, ಬದಲಿಗೆ ಬೆಳಿಗ್ಗೆಯಿಂದ ನೀರು ಕುಡಿಯೋದನ್ನೇ ಬಿಡ್ತಾರೆ. ಕರಾವಳಿಯ ಸೆಕೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ತಲೆನೋವು, ಸುಸ್ತು, "ಸಾಕು, ಮನೆಗೆ ಹೋಗುವ." ಅದಕ್ಕೇ ಕುಮಟಾದಲ್ಲಿ ಒಳ್ಳೆ ಹೋಟೆಲಿನಲ್ಲಿ ತಿಂಡಿಗೆ ನಿಲ್ಲಿಸಿ. ಮಧ್ಯಾಹ್ನ ಬೇಕಾದರೆ ಕಾರಿನಲ್ಲಿ ಹೊನ್ನಾವರ ದಾಟಿ ಕಾಸರಕೋಡಿಗೆ ಹೋಗಬಹುದು. 2020ರಲ್ಲಿ ಬ್ಲೂ ಫ್ಲ್ಯಾಗ್ ಅನ್ನೋ, ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕ ಬೀಚ್ ಅದು, ಶೌಚಾಲಯ, ಸ್ನಾನದ ವ್ಯವಸ್ಥೆ ಇದೆ. ಇದನ್ನು ಹೊರಡುವ ಮೊದಲೇ ಅಮ್ಮನಿಗೆ ಹೇಳಿಬಿಡಿ, ನೆಮ್ಮದಿಯಿಂದ ನೀರು ಕುಡೀತಾರೆ.

ಹೊತ್ತಿನ ಬಗ್ಗೆ: ಎಲ್ಲರೂ ಸೂರ್ಯಾಸ್ತ ಅಂತಾರೆ, ನಾನು ಬೆಳಿಗ್ಗೆ ಅಂತೀನಿ. ನಮ್ಮ ಸಮುದ್ರ ಇರೋದು ಪಡುವಣಕ್ಕೆ. ಬೆಳಿಗ್ಗೆ ಸೂರ್ಯ ಬೆನ್ನ ಹಿಂದೆ ಇರ್ತಾನೆ, ಗಾಳಿಮರ, ತೆಂಗಿನಮರಗಳ ನೆರಳು ಮರಳಿನ ಮೇಲೇ ಬೀಳತ್ತೆ. ಮಧ್ಯಾಹ್ನದ ಮೇಲೆ ಬಿಸಿಲು ನೇರ ಮುಖಕ್ಕೆ, ನೆರಳೆಲ್ಲ ಮರದ ಆಚೆಗೆ. ಸುಮಾರು ಹನ್ನೊಂದರ ಮೇಲೆ ನೆಲ ಕಾದು ಸಮುದ್ರದ ಕಡೆಯಿಂದ ಗಾಳಿ ಶುರುವಾದಾಗ ಮರದ ಬುಡದಲ್ಲಿ ಕೂತವರಿಗೆ ಅದಕ್ಕಿಂತ ಸುಖ ಇಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ ಡಿಕ್ಕಿಯಲ್ಲಿ ಹಾಕ್ಕೊಳ್ಳಿ. ಮರಳಿನ ಮೇಲೆ ಚಾಪೆ ಹಾಸಿದರೆ ಕೂರೋದೇನೋ ಕೂರ್ತಾರೆ, ಏಳೋದು ಯಾರು?

ನೀರು ಇಳಿದಾಗ ಅಂಚಿನಲ್ಲಿ ಒದ್ದೆ ಮರಳು ಗಟ್ಟಿಯಾಗಿರತ್ತೆ, ಮಂಡಿಗೆ ಅಲ್ಲಿ ನಡೆಯೋದು ಸುಲಭ. ಮೇಲಿನ ಒಣ ಮರಳಿನಲ್ಲಿ ಕಾಲು ಹುಗಿದು ನೋವು ಜಾಸ್ತಿ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಹೊತ್ತು ದಿನಾ ಸುಮಾರು ಐವತ್ತು ನಿಮಿಷ ಮುಂದೆ ಹೋಗ್ತಾ ಇರತ್ತೆ. ಅಮಾವಾಸ್ಯೆ, ಹುಣ್ಣಿಮೆಗೆ ಏರಿಳಿತ ದೊಡ್ಡದು, ಅಷ್ಟಮಿಯ ಆಸುಪಾಸು ಚಿಕ್ಕದು. ಅಡುಗೆಮನೆ ಗೋಡೆಯ ಪಂಚಾಂಗ ನೋಡಿ ದಿನ ಆರಿಸೋ ಕೆಲಸ ಅಮ್ಮನಿಗೇ ಬಿಡಿ.

ಆಯಿ ಮೊದಲ ಸಲ ಕಾರಿಂದ ಇಳಿದವಳೇ ಆಚೆ ಈಚೆ ನೋಡಿ, "ಇಲ್ಲಿ ಎಂತೂ ಇಲ್ಯಲಾ ತಮಾ!" ಅಂದಳು. ನಿಜ, ಏನೂ ಇರಲಿಲ್ಲ. ದಡಕ್ಕೆ ಎಳೆದಿಟ್ಟ ದೋಣಿ, ಹರಡಿದ ಬಲೆ, ಮರಳಿಗೆ ಹಬ್ಬಿದ ಅಡುಂಬಿನ ಬಳ್ಳಿ. ಅರ್ಧ ಗಂಟೆಯಲ್ಲಿ ಸೀರೆ ಮಂಡಿಗೆತ್ತಿ ಅಲೆಗೆ ಕಾಲು ಕೊಟ್ಟು ನಿಂತಿದ್ದಳು. ಆಮೇಲೆ ಬಲೆ ಬಿಡಿಸುತ್ತಿದ್ದ ಹೆಂಗಸಿನ ಹತ್ತಿರ ಹೋಗಿ ಮಾತಿಗೆ ನಿಂತಳು. ಮೀನಿನ ವಾಸನೆಗೆ ಮೂಗು ಮುಚ್ಚುವ ನಮ್ಮ ಆಯಿ! ಇಬ್ಬರಿಗೂ ಬೆಂಗಳೂರಲ್ಲಿ ಮಕ್ಕಳು, ಇಬ್ಬರಿಗೂ ಫೋನ್ ಮಾಡಲ್ಲ ಅನ್ನೋ ದೂರು. ನಾನು ದೂರವೇ ಉಳಿದೆ. ಊಟಕ್ಕೆ ಮನೆಯಿಂದ ತಂದ ಮೊಸರನ್ನ, ಮಿಡಿ ಉಪ್ಪಿನಕಾಯಿ, ಫ್ಲಾಸ್ಕಿನಲ್ಲಿ ಮಾವಿನಕಾಯಿಯ ಅಪ್ಪೆಹುಳಿ. ಉಂಡು ಅವಳು ಕುರ್ಚಿಯಲ್ಲೇ ನಿದ್ದೆ, ನಾನು ಮರಳಲ್ಲಿ. ಇಡೀ ದಿನದ ಕಾರ್ಯಕ್ರಮ ಇಷ್ಟೇ, ನಿಮ್ಮದೂ ಹೀಗೇ ಇರಲಿ. ನಡುವೆ ಮಿರ್ಜಾನ ಕೋಟೆ, ಅಪ್ಸರಕೊಂಡ ಎಲ್ಲ ತುರುಕಬೇಡಿ.

ನೀರಿಗೆ ಮಂಡಿಯ ತನಕ ಮಾತ್ರ. ಇಂಥ ಬೀಚಿನಲ್ಲಿ ಜೀವರಕ್ಷಕರು ಇರಲ್ಲ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಂಥ ಜನ ತುಂಬಿದ ಕಡೆಯೇ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ಮುಳುಗಿ ತೀರಿಕೊಂಡರು. ಮಳೆಗಾಲದಲ್ಲಂತೂ ಹೋಗಲೇಬೇಡಿ. ಮೀನು ಒಣಹಾಕುವ ಜಾಗದಲ್ಲಿ ಕಾರು ನಿಲ್ಲಿಸಬೇಡಿ, ಅದು ಅವರ ಅಂಗಳ. ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲಿ ರಸ್ತೆ ಕೆಲಸ, ಕುಸಿತ ಅಂತ ಆಗಾಗ ಸಂಚಾರ ನಿಲ್ಲಿಸ್ತಾರೆ, ಹಿಂದಿನ ದಿನ ವಿಚಾರಿಸಿಕೊಳ್ಳಿ.

ಹವೆಗೆ ನವೆಂಬರಿನಿಂದ ಫೆಬ್ರವರಿ ಚೆನ್ನ. ಆದರೂ ನಾವು ಬೇಸಿಗೆಗೇ ಹೋಗೋದು, ಕಾರಣ ಕುಮಟಾದ ಸಿಹಿ ಈರುಳ್ಳಿ. ಅಳ್ವೆಕೋಡಿ, ಹಂದಿಗೋಣದ ಹತ್ತಿರ ಹೆದ್ದಾರಿ ಪಕ್ಕ ಜಡೆ ಹೆಣೆದು ಸಾಲಾಗಿ ನೇತುಹಾಕಿರ್ತಾರೆ. ಆಯಿಗೆ ಸಮುದ್ರ ಎಷ್ಟು ಮುಖ್ಯವೋ ಅದೂ ಅಷ್ಟೇ ಮುಖ್ಯ, ಪ್ರತಿ ಅಂಗಡಿಯಲ್ಲೂ ಇಳಿದು ದರ ಕೇಳ್ತಾಳೆ. ಚೌಕಾಸಿಗೆ ಅರ್ಧ ಗಂಟೆ ಬೇರೆಯಾಗಿ ಇಟ್ಟುಕೊಳ್ಳಿ. ಮನೆಗೆ ಬಂದವರೇ ಗಾಳಿಯಾಡುವ ಕಡೆ ತೂಗುಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಟ್ಟರೆ ಕೊಳೆಯತ್ತೆ.