ರ್ಯಾಟಲ್‌ಸ್ನೇಕ್ ವಿಷದ ಕಿಣ್ವಗಳು ದೇಹದಲ್ಲಿ ಮಾಡುವುದೇನು?

ನೀವು ಕೇಳಿರುವುದು ಮೂರು ಸಂಗತಿ. ಬಾಲದ ಗಿಲಕಿ ಆಡಿಸುವ ಅಮೆರಿಕದ ಹಾವು ರ್ಯಾಟಲ್‌ಸ್ನೇಕ್‌ನ ವಿಷದ ಕಿಣ್ವಗಳ ರಚನೆ ಹೇಗಿದೆ, ಅವು ಕೆಡಿಸುವುದು ರಕ್ತವನ್ನೋ ನರವನ್ನೋ, ಮತ್ತು ಅವುಗಳೊಳಗಿನ ಸತುವನ್ನು ಕಿತ್ತರೆ ವಿಷ ಸುಮ್ಮನಾಗುವುದಾದರೆ ಅದನ್ನೇ ಔಷಧ ಮಾಡಬಾರದೇಕೆ. ನಾನು ಬಾಗಲಕೋಟೆಯ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷಿಸುವವನು. ರ್ಯಾಟಲ್‌ಸ್ನೇಕ್ ಕಚ್ಚಿದವರು ನಮ್ಮಲ್ಲಿಗೆ ಬರುವ ಮಾತಿಲ್ಲ; ಕಬ್ಬು ಕಡಿಯುವಾಗ ಕೊಳಕುಮಂಡಲ ಕಚ್ಚಿಸಿಕೊಂಡವರು ಬರುತ್ತಾರೆ. ಎರಡೂ ವೈಪರ್ ಕುಟುಂಬದವೇ ಆದ್ದರಿಂದ ಜೊತೆಗಿಟ್ಟೇ ಹೇಳುತ್ತೇನೆ.

ಮೊದಲು ಸತುವಿನ ಕಿಣ್ವಗಳು, ಅಂದರೆ ಮೆಟಲೊಪ್ರೋಟಿನೇಸ್‌ಗಳು. ಇವುಗಳ ನಡುವೆ ಒಂದು ಸೀಳು ಇರುತ್ತದೆ. ಅದರ ತಳದಲ್ಲಿ ಸತುವಿನ ಒಂದು ಅಯಾನನ್ನು ಹಿಸ್ಟಿಡಿನ್ ಎಂಬ ಮೂರು ಅಮೈನೊ ಆಮ್ಲಗಳು (ಪ್ರೋಟೀನಿನ ಬಿಡಿ ಘಟಕಗಳು) ಹಿಡಿದಿರುತ್ತವೆ. ಪಕ್ಕದ ಗ್ಲುಟಾಮಿಕ್ ಆಮ್ಲದ ನೆರವಿನಿಂದ ಅಲ್ಲಿನ ನೀರಿನ ಅಣು ಎದುರಿಗೆ ಸಿಕ್ಕ ಪ್ರೋಟೀನಿನ ಕೊಂಡಿಯನ್ನು ಒಡೆಯುತ್ತದೆ. ಈಸ್ಟರ್ನ್ ಡೈಮಂಡ್‌ಬ್ಯಾಕ್ ರ್ಯಾಟಲ್‌ಸ್ನೇಕ್‌ನ ಅಡಮಲೈಸಿನ್ ಎಂಬ ಕಿಣ್ವದ ಹರಳಿನಿಂದ 1993ರಲ್ಲಿ ಈ ಚಿತ್ರ ಸ್ಪಷ್ಟವಾಯಿತು. ನನಗೆ ಇದಕ್ಕಿಂತ ಸ್ವಾರಸ್ಯವೆನಿಸುವುದು ಇದರ ಮುಂದಿನ ಭಾಗ. ಕತ್ತರಿಸುವ ತುಂಡು ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ಕೆಲವು ಕಿಣ್ವಗಳಲ್ಲಿ ಅಷ್ಟೇ ಇರುತ್ತದೆ. ಇನ್ನು ಕೆಲವಕ್ಕೆ ಡಿಸಿಂಟೆಗ್ರಿನ್ (ಜೀವಕೋಶಕ್ಕೆ ಅಂಟುವ ಸಣ್ಣ ಪ್ರೋಟೀನ್) ಮಾದರಿಯ ಭಾಗ, ಸಿಸ್ಟೀನ್ ಎಂಬ ಅಮೈನೊ ಆಮ್ಲ ಹೆಚ್ಚಿರುವ ಭಾಗ ಎಂದು ಹೆಚ್ಚುವರಿ ಜೋಡಣೆಗಳಿರುತ್ತವೆ. ಕಿಣ್ವ ಎಲ್ಲಿಗೆ ಹೋಗಿ ಅಂಟಬೇಕು, ಯಾವುದನ್ನು ಕತ್ತರಿಸಬೇಕು ಎಂಬುದನ್ನು ಬಹುಮಟ್ಟಿಗೆ ಈ ಜೋಡಣೆಗಳೇ ತೀರ್ಮಾನಿಸುತ್ತವೆ. ಜೋಡಣೆಯುಳ್ಳ ದೊಡ್ಡ ಕಿಣ್ವಗಳು ಸಾಮಾನ್ಯವಾಗಿ ಹೆಚ್ಚು ರಕ್ತಸ್ರಾವ ಮಾಡುವುದೂ ಇದಕ್ಕೇ.

ರ್ಯಾಟಲ್‌ಸ್ನೇಕ್‌ನ ಇಂಥ ಕಿಣ್ವಗಳು ಸೂಕ್ಷ್ಮ ರಕ್ತನಾಳಗಳ ಹೊರಪದರದ ಕೊಲಾಜನ್ ಎಳೆಗಳನ್ನು ಕತ್ತರಿಸುತ್ತವೆ. ನಾಳ ತಕ್ಷಣ ಹರಿಯುವುದಿಲ್ಲ. ಹೊಲದ ಒಡ್ಡಿನ ಮಣ್ಣನ್ನು ಅಲ್ಲಲ್ಲಿ ಕೆದರಿ ಬಿಟ್ಟರೆ ಮಳೆನೀರೇ ಅದನ್ನು ಒಡೆಯುವಂತೆ, ಸಡಿಲಾದ ಗೋಡೆಯನ್ನು ಒಳಗಿನ ರಕ್ತದ ಒತ್ತಡವೇ ಸೀಳುತ್ತದೆ. ಕಚ್ಚಿದ ಜಾಗ ಕಪ್ಪಿಟ್ಟು ಊದಿಕೊಳ್ಳಲು ಇದೊಂದು ಮುಖ್ಯ ಕಾರಣ. ನಮ್ಮ ಕೊಳಕುಮಂಡಲದಲ್ಲೂ ಇದೇ ವಂಶದ ಕಿಣ್ವವೊಂದಿದೆ. ಆದರೆ ಅದಕ್ಕೆ ಇನ್ನೂ ಎರಡು ಚಿಕ್ಕ ಸರಪಳಿಗಳು ಸೇರಿ, ಅದು ಹೆಪ್ಪುಗಟ್ಟಿಸುವ ಹತ್ತನೆಯ ಅಂಶವನ್ನು (ಫ್ಯಾಕ್ಟರ್ 10 ಎಂಬ ರಕ್ತದ ಪ್ರೋಟೀನನ್ನು) ಹುಡುಕಿ ಹಿಡಿದು ಚುರುಕುಗೊಳಿಸುತ್ತದೆ. ದೇಹದೊಳಗೆ ಎಲ್ಲೆಂದರಲ್ಲಿ ಹೆಪ್ಪು ಕಟ್ಟಿ ಕರಗಿ, ಹೆಪ್ಪಿನ ಎಳೆಗಳಾಗುವ ಫೈಬ್ರಿನೋಜನ್ ಎಂಬ ಪ್ರೋಟೀನ್ ಖಾಲಿಯಾಗುತ್ತದೆ. ಆಗ ನಾನು ಹೊಸ ಗಾಜಿನ ನಳಿಕೆಯಲ್ಲಿ 2 ಮಿಲಿ ರಕ್ತ ಹಾಕಿ, 20 ನಿಮಿಷ ಅಲುಗಿಸದೆ ಇಟ್ಟು ಓರೆ ಮಾಡಿದರೆ ರಕ್ತ ಹೆಪ್ಪುಗಟ್ಟದೆ ಹರಿದುಬಿಡುತ್ತದೆ. ನಳಿಕೆ ಗಾಜಿನದೇ ಆಗಿರಬೇಕು, ಸೋಪಿನ ಪುಡಿಯಲ್ಲಿ ತೊಳೆದದ್ದಾಗಿರಬಾರದು. ಇಷ್ಟು ಸಣ್ಣ ವಿಷಯ ತಪ್ಪಿದರೂ ಫಲಿತಾಂಶ ಕೆಡುತ್ತದೆ.

ಫೈಬ್ರಿನೋಜನ್ ಖಾಲಿ ಮಾಡಲು ರ್ಯಾಟಲ್‌ಸ್ನೇಕ್‌ಗೆ ಬೇರೆ ದಾರಿಯೂ ಇದೆ. ಅದರ ಕ್ರೋಟಲೇಸ್ ಎಂಬ ಸೆರಿನ್ ಪ್ರೋಟಿಯೇಸ್ (ಸತುವಿಲ್ಲದೆ ಪ್ರೋಟೀನ್ ಕತ್ತರಿಸುವ ಕಿಣ್ವ), ಹೆಪ್ಪು ಕಟ್ಟಿಸುವ ನಮ್ಮದೇ ಕಿಣ್ವವಾದ ಥ್ರಾಂಬಿನ್‌ನ ವೇಷ ಹಾಕುತ್ತದೆ, ಆದರೆ ಕೆಲಸ ಅರ್ಧಕ್ಕೇ ಬಿಡುತ್ತದೆ. ಥ್ರಾಂಬಿನ್ ಫೈಬ್ರಿನೋಜನ್‌ನಿಂದ ಎ ಮತ್ತು ಬಿ ಎಂಬ ಎರಡು ಬಗೆಯ ತುಣುಕುಗಳನ್ನು ತೆಗೆದರೆ, ಇದು ಎ ಮಾತ್ರ ತೆಗೆಯುತ್ತದೆ. ಹೀಗೆ ಕಟ್ಟಿದ ಹೆಪ್ಪಿಗೆ ಗಟ್ಟಿತನವಿಲ್ಲ, ಬೇಗ ಕರಗಿಹೋಗುತ್ತದೆ.

ರಕ್ತವೋ ನರವೋ ಎಂಬ ಪ್ರಶ್ನೆಗೆ ಬರೋಣ. ‘ವೈಪರ್ ವಿಷ ರಕ್ತಕ್ಕೆ, ನಾಗರದ ವಿಷ ನರಕ್ಕೆ’ ಎಂದು ಶಾಲೆಯಲ್ಲಿ ಕಲಿಸುವ ವಿಂಗಡಣೆ ಪರೀಕ್ಷೆಯ ಅಂಕಕ್ಕೆ ಸಾಕು, ಅದಕ್ಕಿಂತ ಹೆಚ್ಚಿಗೆ ನಂಬಬೇಡಿ. ದಕ್ಷಿಣ ಅಮೆರಿಕದ ರ್ಯಾಟಲ್‌ಸ್ನೇಕ್‌ನ ಕ್ರೋಟಾಕ್ಸಿನ್ ಎಂಬ ವಿಷಾಂಶ ನೋಡಿ. ಬ್ರೆಜಿಲ್‌ನ ಬುಟಾಂಟಾನ್ ಸಂಸ್ಥೆಯಲ್ಲಿ 1938ರಲ್ಲೇ ಇದರ ಹರಳು ತೆಗೆದರು. ಇದರಲ್ಲಿ ಎರಡು ಭಾಗ: ಒಂದು, ಜೀವಕೋಶದ ಪೊರೆಯ ಕೊಬ್ಬನ್ನು ಕತ್ತರಿಸುವ ಫಾಸ್ಫೊಲೈಪೇಸ್ ಎ2 ಕಿಣ್ವ, ಇನ್ನೊಂದು ತಾನಾಗಿ ಏನನ್ನೂ ಕತ್ತರಿಸದ ಒಡನಾಡಿ. ಈ ಒಡನಾಡಿ ಕಿಣ್ವವನ್ನು ದಾರಿಯಲ್ಲಿ ಕಂಡಕಂಡಲ್ಲಿ ಅಂಟಿಕೊಳ್ಳದಂತೆ ತಡೆದು, ನರದ ತುದಿ ತಲುಪಿದ ಮೇಲೆ ಕಳಚಿಕೊಳ್ಳುತ್ತದೆ. ಸ್ನಾಯುವಿಗೆ ಸಂದೇಶ ಹೋಗುವುದು ನಿಂತು ಉಸಿರಾಟ ಸೋಲುತ್ತದೆ. ಮೊಹಾವಿ ರ್ಯಾಟಲ್‌ಸ್ನೇಕ್ ಇನ್ನೂ ವಿಚಿತ್ರ: ಒಂದೇ ಜಾತಿಯ ಹಾವಾದರೂ ಕೆಲವು ಪ್ರದೇಶಗಳಲ್ಲಿ ಅದರ ವಿಷ ನರಕ್ಕೆ ಏರುವಂಥದ್ದು, ಅರಿಜೋನಾದ ಒಂದು ಭಾಗದಲ್ಲಿ ಆ ನರವಿಷವೇ ಇಲ್ಲದೆ ಸತುವಿನ ಕಿಣ್ವಗಳೇ ಹೆಚ್ಚು.

ಉಳಿದ ಕಿಣ್ವಗಳ ಬಗ್ಗೆ ಒಂದೆರಡು ಮಾತು ಸಾಕು. ವಿಷದ ಹಳದಿ ಬಣ್ಣ ಬರುವುದು ಎಲ್-ಅಮೈನೊ ಆಮ್ಲ ಆಕ್ಸಿಡೇಸ್‌ನಲ್ಲಿರುವ ಎಫ್‌ಎಡಿ ಎಂಬ ಸಹಾಯಕ ಅಣುವಿನಿಂದ. ಈ ಕಿಣ್ವ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸಿ ಜೀವಕೋಶಗಳನ್ನು ನೋಯಿಸುತ್ತದೆ. ಹಯಲುರೊನಿಡೇಸ್ ಅಂಗಾಂಶದ ನಡುವಿನ ಅಂಟನ್ನು ಕರಗಿಸಿ ಉಳಿದವಕ್ಕೆ ಹಾದಿ ಬಿಡಿಸುತ್ತದೆ.

ಇನ್ನು ಸತು. ನೀವು ಓದಿದ್ದು ಸರಿ. ಲೋಹದ ಅಯಾನುಗಳನ್ನು ಹಿಡಿದುಕೊಳ್ಳುವ ಇಡಿಟಿಎ ಎಂಬ ರಾಸಾಯನಿಕ ಹಾಕಿದರೆ ಅದು ಸತುವನ್ನು ಸೆಳೆದುಕೊಳ್ಳುತ್ತದೆ, ನಳಿಕೆಯಲ್ಲಿ ಮೆಟಲೊಪ್ರೋಟಿನೇಸ್ ನಿಂತುಹೋಗುತ್ತದೆ. ಆದರೆ ರಕ್ತಕಣ ಎಣಿಕೆಗೆ ನಾವು ಬಳಸುವ ನೇರಳೆ ಮುಚ್ಚಳದ ನಳಿಕೆಯಲ್ಲಿ ಇರುವುದೂ ಇದೇ ಇಡಿಟಿಎ. ಅದು ಕ್ಯಾಲ್ಸಿಯಂ ಅನ್ನೂ ಸೆಳೆಯುತ್ತದೆ, ಕ್ಯಾಲ್ಸಿಯಂ ಇಲ್ಲದೆ ರಕ್ತ ಹೆಪ್ಪುಗಟ್ಟುವುದಿಲ್ಲ, ಹೃದಯ ಬಡಿಯುವುದಿಲ್ಲ. ಹಾಗಾಗಿ ರೋಗಿಗೆ ಅದನ್ನು ಚುಚ್ಚುವ ಯೋಚನೆ ಬೇಡ. ಪಾದರಸದ ನಂಜಿಗೆ ಕೊಡುವ ಯೂನಿಥಿಯಾಲ್ ಮೇಲೆ ಈಗ ಹೆಚ್ಚು ಆಸೆಯಿದೆ. ನಮ್ಮ ಒಣನೆಲದ ಗರಗಸ ಮಂಡಲದ ಆಫ್ರಿಕಾದ ಸಂಬಂಧಿಯ ವಿಷ ಕೊಟ್ಟ ಇಲಿಗಳಲ್ಲಿ ಅದು ಕೆಲಸ ಮಾಡಿದೆ. ಆದರೂ ಅದು ತಡೆಯುವುದು ಸತುವಿನ ಕಿಣ್ವಗಳನ್ನು ಮಾತ್ರ. ಫಾಸ್ಫೊಲೈಪೇಸ್‌ಗೂ ಕ್ರೋಟಲೇಸ್‌ಗೂ ಸತುವೇ ಬೇಕಿಲ್ಲ. ಆದ್ದರಿಂದ ಸದ್ಯಕ್ಕೆ ಪ್ರತಿವಿಷವೇ ಗತಿ, ಅದೂ ಆಯಾ ಹಾವಿನದೇ ಆಗಬೇಕು: ನಮ್ಮ ಬಾಟಲಿಯ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆಂದು ಮಾಡಿದ್ದು, ರ್ಯಾಟಲ್‌ಸ್ನೇಕ್‌ಗಲ್ಲ.