ದೇವರೊಬ್ಬನೇ ರಕ್ಷಕ ಅಂದಮೇಲೆ ಯೇಸುವೂ ರಕ್ಷಕ ಆಗೋದು ಹೇಗೆ?

ತನ್ನ ಹೊರತು ಬೇರೆ ರಕ್ಷಕನಿಲ್ಲ ಅಂತ ಬೈಬಲಿನ ಯೆಶಾಯ ಪುಸ್ತಕದ 43:11ರಲ್ಲಿ ಯೆಹೋವ, ಅಂದರೆ ದೇವರು, ಹೇಳುತ್ತಾನೆ. ಲೂಕ 2:11ರಲ್ಲಿ ದೇವದೂತ ಆಗತಾನೇ ಹುಟ್ಟಿದ ಯೇಸುವನ್ನೂ ರಕ್ಷಕ ಅನ್ನುತ್ತಾನೆ. ಗೊಂದಲ ಸಹಜ.

ಯೆಶಾಯನ ಈ ಭಾಗ ಬ್ಯಾಬಿಲೋನಿನಲ್ಲಿ ಸೆರೆಯಾಗಿದ್ದ ಯೆಹೂದ್ಯರನ್ನು ಕುರಿತದ್ದು. ಸುತ್ತಲೂ ಗೆದ್ದವರ ದೇವರುಗಳು. 46ನೇ ಅಧ್ಯಾಯದ ಕುಚೋದ್ಯ ನೋಡಿ: ಬೇಲ್, ನೆಬೋ ವಿಗ್ರಹಗಳನ್ನು ದನಗಳ ಮೇಲೆ ಹೇರಿದ್ದಾರೆ, ಭಾರಕ್ಕೆ ಪಾಪ ಅವು ಸುಸ್ತಾಗಿವೆ. ಯೆಹೋವನಾದರೋ ತನ್ನ ಜನರನ್ನು ಹುಟ್ಟಿದಾಗಿನಿಂದ ಮುಪ್ಪಿನ ತನಕ ತಾನೇ ಹೊರುತ್ತಾನೆ.

ಹಾಗಂತ ಮನುಷ್ಯರಿಗೆ ‘ರಕ್ಷಕ’ ಅನ್ನೋ ಹೆಸರು ಸಿಕ್ಕೇ ಇಲ್ಲ ಅಂತಲ್ಲ. ನ್ಯಾಯಸ್ಥಾಪಕರು 3:9ರಲ್ಲಿ ಇಸ್ರಾಯೇಲ್ಯರ ನಾಯಕ ಒತ್ನಿಯೇಲನೂ ರಕ್ಷಕನೇ. ಆದರೆ ಅವನನ್ನು ಎಬ್ಬಿಸಿದ್ದು ಯೆಹೋವ.

ಯೇಸುವೂ ಅದೇ ಥರವಾ? ಬಹುಪಾಲು ಕ್ರೈಸ್ತರು ಅಲ್ಲ ಅನ್ನುತ್ತಾರೆ. ತೀತ 1:3ರಲ್ಲಿ ದೇವರು ‘ನಮ್ಮ ರಕ್ಷಕ’, ಮರುವಚನದಲ್ಲೇ ಯೇಸು ‘ನಮ್ಮ ರಕ್ಷಕ’. ಇಬ್ಬರು ರಕ್ಷಕರಲ್ಲ, ಯೇಸು ಆ ಒಬ್ಬ ದೇವರೇ ಅಂತ ಅವರು ಓದುತ್ತಾರೆ. ಯೆಹೋವನ ಸಾಕ್ಷಿಗಳು ಅನ್ನೋ ಪಂಗಡದ ಓದು ಬೇರೆ: ದೇವರು ಯೇಸುವಿನ ಮೂಲಕ ರಕ್ಷಿಸುತ್ತಾನೆ, ಯೇಸುವೇ ಆ ದೇವರಲ್ಲ. ಯೆಹೂದ್ಯರಿಗೆ, ಲೂಕ ಮತ್ತು ತೀತ ಇರುವ ಹೊಸ ಒಡಂಬಡಿಕೆ ಧರ್ಮಗ್ರಂಥವೇ ಅಲ್ಲ, ಹಾಗಾಗಿ ಅವರಿಗೆ ಈ ಪ್ರಶ್ನೆ ಏಳೋದೇ ಇಲ್ಲ.